ಬ್ರೆಡ್ಡಕ್ಕನ ಹುಳಿ ಜಾಡಿ

ಬ್ರೆಡ್ಡಿನ ಮೆಷಿನ್ನು ಹಿಟ್ಟು ಕಲಸಿ ಸುಮ್ಮನಾಗಿ ಒಂದು ಗಂಟೆಯಾಗಿತ್ತು. ಮುಚ್ಚಳದ ಸಂದಿಯಿಂದ ಒಂದು ವಾಸನೆ ಬಂತು. ಈಚಲ ಹೆಂಡದ್ದೂ ಅಲ್ಲ, ಹುಳಿ ಬಂದ ದೋಸೆ ಹಿಟ್ಟಿನದ್ದೂ ಅಲ್ಲ, ಎರಡರ ಮಧ್ಯದ್ದು. ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಿದೆ. ಆ ವಾಸನೆ ಮೂಗಿಗೆ ಬಿದ್ದು ಇಪ್ಪತ್ತು ವರ್ಷದ ಮೇಲಾಗಿತ್ತು. ಊರಿಗಾಂ ಚಿನ್ನದ ಗಣಿಯ ಲೈನ್ ಮನೆಯಲ್ಲಿದ್ದಾಗ ನಮ್ಮ ಪಕ್ಕದ ಮನೆಯಲ್ಲಿದ್ದ ಬ್ರೆಡ್ಡಕ್ಕ ನೆನಪಾದಳು… ನೆನೆಸಿಕೊಳ್ಳಬೇಕು ಅಂತ ನೆನೆಸಿಕೊಂಡದ್ದಲ್ಲ.

ಈ ಮೆಷಿನ್ನು ನಾವು ಕೊಂಡದ್ದಲ್ಲ. ನನ್ನ ಕಿರಿ ಮಗಳು ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಒಂದು ಮನೆಯಲ್ಲಿ ಅಡುಗೆ ಮಾಡುತ್ತಾಳೆ. ಆ ಮನೆಯವರು ಬೇರೆ ಕಡೆ ಹೋಗುವಾಗ ಇದನ್ನು ಕೊಟ್ಟುಹೋದರು. ಅಕ್ಕಿ ಡಬ್ಬದಷ್ಟು ಎತ್ತರ, ಒಳಗೊಂದು ಪಾತ್ರೆ, ಪಾತ್ರೆಯ ತಳದಲ್ಲಿ ತಿರುಗುವ ಒಂದು ರೆಕ್ಕೆ. ಮಗಳು ನೋಟುಬುಕ್ಕಿನ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದಳು. ಮೊದಲು ನೀರು. ಆಮೇಲೆ ಎಣ್ಣೆ, ಸಕ್ಕರೆ. ಒಂದು ಮೂಲೆಗೆ ಉಪ್ಪು. ಅದರ ಮೇಲೆ ಹಿಟ್ಟು. ಹಿಟ್ಟಿನಲ್ಲಿ ಗುಳಿ ಮಾಡಿ ಈಸ್ಟು. ಉಪ್ಪು, ಈಸ್ಟು ಒಂದಕ್ಕೊಂದು ತಾಗಬಾರದು. ನಾನು ಓದಿದ್ದು ಮೂರನೇ ಕ್ಲಾಸು. ಅಕ್ಷರ ಅಕ್ಷರ ಕೂಡಿಸಿ ಓದಿದೆ.

ಹಿಟ್ಟು ಅಂತ ಬರೆದಿದ್ದಳು. ನಮ್ಮ ಮನೆಯಲ್ಲಿ ಹಿಟ್ಟು ಅಂದರೆ ರಾಗಿ ಹಿಟ್ಟು. ಅದನ್ನೇ ಹಾಕಿದೆ. ಮೂರು ಗಂಟೆಯ ಮೇಲೆ ಹೊರಗೆ ಬಂದದ್ದು ಒಂದು ಗುಂಡುಕಲ್ಲು. ಹಿಂದಿನ ಮನೆಯ ಎಮ್ಮೆಗೆ ಹಾಕಿದರೆ ಅದು ಮೂಸಿ ಮುಖ ತಿರುಗಿಸಿತು. ಎರಡನೇ ಸಲ ಮೈದಾ ಹಾಕಿದೆ, ಚೆನ್ನಾಗಿ ಉಬ್ಬಿತು. ಮಧ್ಯದಲ್ಲಿ ಒಂದು ಸಲ ಮುಚ್ಚಳ ತೆಗೆದು ನೋಡಿದೆ. ನಡು ಕುಸಿದು ಬಾಣಲೆಯ ಹಾಗಾಯಿತು.

“ತೆಗೀಬ್ಯಾಡ ಅಂದಿದ್ನಲ್ಲಮ್ಮಾ!” ಅಂದಳು ಮಗಳು.

“ಬದ್ಕೈತೋ ಸತ್ತೈತೋ ನೋಡ್ಬೇಡ್ವಾ?”

“ಅದೇನ್ ಆಸ್ಪತ್ರೆ ಸೇರೈತಾ ನೋಡಾಕೆ? ಬೀಪ್ ಅನ್ನಗಂಟ ಅದ್ರ ತಂಟೆಗ್ ಓಗ್ಬ್ಯಾಡ.”

ಮೂರನೇ ಸಲ ತಂಟೆಗೆ ಹೋಗಲಿಲ್ಲ. ಆಗ ಬಂದದ್ದು ಆ ವಾಸನೆ.

ಬ್ರೆಡ್ಡಕ್ಕ ನನಗಿಂತ ಹದಿನೈದು ವರ್ಷ ದೊಡ್ಡವಳು. ಮನೆಮಾತು ತಮಿಳು, ಗಂಡ ತೀರಿಹೋಗಿದ್ದ. ಅವಳ ತಾಯಿ ಗಣಿಯ ಬಿಳಿ ದೊರೆಗಳ ಬಂಗಲೆಯಲ್ಲಿ ಅಡುಗೆಗಿದ್ದವಳಂತೆ. ಆ ತಾಯಿಯಿಂದ ಇವಳಿಗೆ ಬಂದ ಆಸ್ತಿ ಒಂದೇ, ಪಿಂಗಾಣಿ ಜಾಡಿಯಲ್ಲಿ ಹುಳಿ. ಮೈದಾಗೆ ನೀರು ಕಲಸಿ ಹುಳಿ ಬರಿಸಿದ್ದು, ಅಷ್ಟೇ. ಅದರಲ್ಲಿ ಒಂದು ಪಾಲು ತೆಗೆದು ಬ್ರೆಡ್ಡಿನ ಹಿಟ್ಟಿಗೆ ಬೆರೆಸುವಳು, ತೆಗೆದಷ್ಟನ್ನು ಮತ್ತೆ ಮೈದಾ ನೀರು ಹಾಕಿ ತುಂಬಿಸುವಳು. ಹಾಗೆ ತಾಯಿ ಕಾಲದಿಂದ ಒಂದು ಸಲವೂ ಜಾಡಿ ಬರಿದಾಗಿರಲಿಲ್ಲ. ಮಣ್ಣು ಮೆತ್ತಿದ ತಗಡಿನ ಡಬ್ಬವೇ ಅವಳ ಒಲೆ. ಕೆಳಗೂ ಕೆಂಡ, ಮೇಲೂ ಕೆಂಡ. ದಿನಕ್ಕೆ ಹತ್ತು ಬ್ರೆಡ್ಡು ಸುಡುತ್ತಿದ್ದಳು.

ನಾವು ಕೊಳ್ಳುತ್ತಿರಲಿಲ್ಲ. ನಮ್ಮ ಕಡೆ ಬ್ರೆಡ್ಡು ಅಂದರೆ ಕಾಯಿಲೆಯವರ ತಿಂಡಿ. ಆಸ್ಪತ್ರೆಗೆ ನೋಡಲು ಹೋಗುವವರು ಕೊಂಡುಹೋಗುವರು, ಹಾಲಿನಲ್ಲಿ ನೆನೆಸಿ ತಿನ್ನಿಸುವರು. ಚೆನ್ನಾಗಿದ್ದವರ ಮನೆಗೆ ಬ್ರೆಡ್ಡು ತಂದರೆ ನಮ್ಮತ್ತೆ ಬಾಗಿಲಲ್ಲೇ ನಿಲ್ಲಿಸಿ, “ನಮ್ಮನ್ಯಾಗ್ ಯಾರ್ ಬಿದ್ದವ್ರೆ ಅಂತ ತಂದೆ?” ಅನ್ನುವಳು. ಆದರೂ ಗಣಿಯ ಊರಲ್ಲಿ ಕೆಮ್ಮುವವರಿಗೆ ಬರವಿರಲಿಲ್ಲ. ಬ್ರೆಡ್ಡಕ್ಕನ ಹೊಟ್ಟೆ ನಡೆಯುತ್ತಿತ್ತು.

ಗಣಿ ಮುಚ್ಚಿದ ಮೇಲಿನ ವರ್ಷ ಅವಳ ಮಗಳಿಗೆ ಜೋಲಾರಪೇಟೆಯಲ್ಲಿ ಹೆರಿಗೆ. ಬಾಣಂತನಕ್ಕೆ ಒಂದು ತಿಂಗಳು ಹೋಗಬೇಕಿತ್ತು. ಹುಳಿ ನಾರುವ ಜಾಡಿ ಹೊತ್ತು ಬೀಗರ ಮನೆಗೆ ಹೋಗಲು ಅವಳಿಗೆ ನಾಚಿಕೆ. ನಮ್ಮ ಮನೆಗೆ ತಂದಳು. ಜೊತೆಗೆ ಒಂದು ಸೇರು ಮೈದಾ.

“ಎರಡ್ ದಿನಕ್ಕೊಂದ್ ದಪ ಒಂದ್ ಇಡಿ ಮೈದಾ, ಒಂಚೂರ್ ನೀರು ಆಕಮ್ಮೀ. ಅಷ್ಟೇ.”

“ಮರ್ತೋದ್ರೆ?”

“ಮರ್ತೋದ್ರೆ ಸಾಯ್ತದೆ. ಸತ್ರೆ ನಾನೂ ಸತ್ತಂಗೇ, ಬಂದು ಏನ್ ಮಾರ್ಲಿ? ನಿನ್ ಅತ್ತೇಗಿಂತ ಇದೇ ವಾಸಿ ಕಣೇ, ಒಟ್ಟೆಗ್ ಬಿದ್ರೆ ಬಾಯ್ ಮುಚ್ಕೊಂಡಿರ್ತದೆ.”

ಒಳಗಿದ್ದ ನಮ್ಮತ್ತೆಗೆ ಕೇಳಿಸಿತು. ನಾನೂ ಬ್ರೆಡ್ಡಕ್ಕನೂ ನಕ್ಕೆವು.

ನನ್ನ ಗಂಡನ ಗಣಿ ಕೆಲಸ ಹೋಗಿತ್ತು. ಬಂಗಾರಪೇಟೆಗೆ ಹೋಗಿ ಲಾರಿಗೆ ಮೂಟೆ ಹೊರುತ್ತಿದ್ದ. ಒಂದು ದಿನ ಕೆಲಸ ಸಿಕ್ಕರೆ ಎರಡು ದಿನ ಇಲ್ಲ. ಎರಡು ವಾರ ಜಾಡಿಗೆ ಸರಿಯಾಗಿ ಹಾಕಿದೆ. ಬೆಳಿಗ್ಗೆ ಎದ್ದು ನೋಡಿದರೆ ಗುಳ್ಳೆ ಗುಳ್ಳೆಯಾಗಿ ಮೇಲೆ ಬಂದಿರುತ್ತಿತ್ತು… ಮನೆಯಲ್ಲಿ ಹೊಟ್ಟೆ ತುಂಬ ತಿಂದು ಉಬ್ಬುತ್ತಿದ್ದದ್ದು ಅದೊಂದೇ. ಮೂರನೇ ವಾರ ರಾಗಿ ಮುಗಿಯಿತು. ಅತ್ತೆ ಕ್ಯಾಸಂಬಳ್ಳಿಯ ಮಗಳ ಮನೆಗೆ ಹೊರಟುಹೋದಳು. ಗಂಡ ಎರಡು ದಿನವಾದರೂ ತಿರುಗಿ ಬಂದಿರಲಿಲ್ಲ. ಮೂರು ಮಕ್ಕಳು ಬೆಳಗಿನಿಂದ ಬರೀ ನೀರು ಕುಡಿದಿದ್ದವು.

ಉಳಿದಿದ್ದ ಮೈದಾವನ್ನೆಲ್ಲ ಜಾಡಿಗೆ ಸುರಿದೆ, ನೀರು ಹಾಕಿ ಕಲಸಿದೆ. ಮಧ್ಯಾಹ್ನಕ್ಕೆ ಉಕ್ಕಿ ಬಂತು. ಉಪ್ಪು ಹಾಕಿ ದೋಸೆ ಹುಯ್ದೆ. ತಲೆಗೆ ಎರಡರಂತೆ ಆರು. ಆಮೇಲೆ ಜಾಡಿಯ ತಳ ನೋಡಿದೆ. ಒಂದೆರಡು ಚಮಚ ಅಂಟಿಕೊಂಡಿತ್ತು. ಅಷ್ಟು ಉಳಿಸಿದ್ದರೆ ಸಾಕಾಗಿತ್ತು, ಅದಕ್ಕೆ ಹಿಡಿ ಮೈದಾ ಹಾಕಿದರೆ ಮತ್ತೆ ಬೆಳೆಯುತ್ತಿತ್ತು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅರ್ಧ ಲೋಟ ನೀರು ಹಾಕಿ, ಕೈಯಾಡಿಸಿ ತೊಳೆದು, ಆ ನೀರನ್ನೂ ಹೆಂಚಿಗೆ ಹುಯ್ದೆ. ಏಳನೆಯದು ತೆಳ್ಳಗೆ ಹರಿದುಹೋಯಿತು. ಮಕ್ಕಳು ಹೊರಗೆ ಆಡುತ್ತಿದ್ದವು. ಅದನ್ನು ನಾನು ತಿಂದೆ.

ಬ್ರೆಡ್ಡಕ್ಕ ಬಂದವಳು ತನ್ನ ಮನೆ ಬೀಗ ಕೂಡ ತೆಗೆಯಲಿಲ್ಲ. ಚೀಲ ಕಂಕುಳಲ್ಲೇ ಇತ್ತು. ನೇರ ನಮ್ಮ ಬಾಗಿಲಿಗೆ ಬಂದಳು.

“ಎಲ್ಲಮ್ಮೀ ನನ್ ಜಾಡಿ?”

“ಎಗ್ಗಣ ಉಳ್ಳಿಸಿಬಿಡ್ತಕ್ಕಾ. ಎಲ್ಲಾ ಚೆಲ್ಲೋಯ್ತು.”

ಅವಳು ನನ್ನ ಭುಜದ ಮೇಲಿಂದ ಒಳಗೆ ನೋಡಿದಳು. ಜಾಡಿ ಒಲೆಯ ಪಕ್ಕದಲ್ಲಿ ತೊಳೆದು ಬೋರಲು ಹಾಕಿದ್ದೆ. ಒಂದು ಚೂರೂ ಒಡೆದಿರಲಿಲ್ಲ.

“ಉಳ್ಳಿಸಿದ್ ಎಗ್ಗಣ ಜಾಡಿ ತೊಳ್ದು ಬೋರಲಾಕಿ ಓಯ್ತಾ?”

ಇನ್ನು ಸುಳ್ಳು ಹೇಳಿ ಉಪಯೋಗವಿರಲಿಲ್ಲ. “ದೋಸೆ ಉಯ್ದೆ ಅಕ್ಕಾ. ಮಕ್ಳಿಗೆ,” ಅಂದೆ.

“ಅಡಿ ಪಾವಿ…” ಅಂದಳು. ಪಾಪಿ ಅನ್ನುವ ತಮಿಳಿನ ಬೈಗುಳ, ಆದರೆ ಬೈದ ಹಾಗಿರಲಿಲ್ಲ. ಅಲ್ಲೇ ಹೊಸ್ತಿಲ ಮೇಲೆ ಕುಕ್ಕರಿಸಿದಳು. ಚೀಲ ಕೆಳಗಿಟ್ಟು, “ನಮ್ಮಮ್ಮ ಸತ್ತ್ ದಿನಾನೂ ಎಣ ಮನೇಲಿಟ್ಕೊಂಡೇ ಅದಕ್ಕೆ ಇಟ್ಟಾಕಿದ್ದೆ. ತಳದಾಗ್ ಒಂಚೂರೂ ಬಿಡ್ಲಿಲ್ವೇನೇ?” ಅಂತ ಕೇಳಿದಳು.

“ಮಕ್ಳು ಇನ್ನೊಂದ್ ಬೇಕಂತ ಕೇಳಿದ್ವು,” ಅಂದೆ.

ಅದು ಎರಡನೇ ಸುಳ್ಳು. ಅದನ್ನು ಅವಳು ನಂಬಿದಳು. ಎದ್ದು ಜಾಡಿ ತೆಗೆದುಕೊಂಡು ಹೋದಳು.

ಹೊಸದಾಗಿ ಹುಳಿ ಬರಿಸಲು ಎರಡು ಸಲ ನೋಡಿದಳು. ಒಂದು ಸಲ ಬೂಸಲು ಬಂತು, ಇನ್ನೊಂದು ಸಲ ಬ್ರೆಡ್ಡು ಕಹಿಯಾಯಿತು. ಆಮೇಲೆ ಬಂಗಾರಪೇಟೆಯಿಂದ ಪಾಕೆಟ್ಟಿನ ಈಸ್ಟು ತರಿಸಿದಳು. ಉಬ್ಬುತ್ತಿತ್ತು. ಆದರೆ ಕೊಳ್ಳುವವರು ಅಂಗಡಿಯದೂ ಇದೂ ಒಂದೇ ಅಂದರು. ಒಂದೇ ಆದಮೇಲೆ ಅಂಗಡಿಯಲ್ಲೇ ಕೊಂಡರು. ವರ್ಷ ತುಂಬುವುದರೊಳಗೆ ಒಲೆ ಆರಿಸಿ ಮಗಳ ಮನೆಗೆ ಹೊರಟಳು. ಹೊರಡುವ ದಿನ ಲೈನಿನ ಎಲ್ಲರ ಬಾಗಿಲಿಗೂ ಹೋಗಿ “ಬತ್ತೀನಿ” ಅಂದಳು. ನಮ್ಮ ಬಾಗಿಲು ಬಂದಾಗ ದಾಟಿಕೊಂಡು ಮುಂದಕ್ಕೆ ಹೋದಳು. ನಾನು ಒಳಗೇ ಇದ್ದೆ. ಅವಳ ಚಪ್ಪಲಿಯ ಸದ್ದು ಕೇಳಿಸಿತು.

ಮೂರ್ನಾಲ್ಕು ವರ್ಷದ ಮೇಲೆ ಅವಳು ತೀರಿಹೋದಳು ಅಂತ ಯಾರೋ ರೈಲಿನಲ್ಲಿ ಹೇಳಿದರು. ನಾನು ಹೋಗಿ ನೋಡಿ ಬಂದವಳಲ್ಲ.

ಆರು ದೋಸೆಗೆ ನನಗೆ ಇವತ್ತಿಗೂ ಬೇಸರವಿಲ್ಲ. ಆ ದಿನ ಮತ್ತೆ ಬಂದರೆ ಮತ್ತೆ ಹುಯ್ಯುತ್ತೇನೆ. ಏಳನೆಯದಕ್ಕೆ ಏನು ಹೇಳಬೇಕೋ ತಿಳಿಯದು… ಹಸಿದಿದ್ದೆ, ಅದು ನಿಜ. ಅವಳ ಮುಂದೆ ಅದನ್ನು ಮಕ್ಕಳ ತಲೆಗೆ ಕಟ್ಟಿದೆ, ಅದೂ ನಿಜ.

ಮೂರನೇ ಸಲದ ಬ್ರೆಡ್ಡು ಚೆನ್ನಾಗಿಯೇ ಬಂತು. ಸಂಜೆ ರೈಲಿಳಿದು ಬಂದ ಮಗಳು ಕೊಯ್ದು ತಿಂದಳು. ಮಧ್ಯಾಹ್ನ ನೆನಪಾದದ್ದನ್ನು ಅವಳಿಗೆ ಅಷ್ಟಿಷ್ಟು ಹೇಳಿದೆ.

“ಆ ಅಕ್ಕನ್ ಬ್ರೆಡ್ಡೂ ಇಂಗೇ ಇತ್ತೇನಮ್ಮಾ?” ಅಂದಳು.

ಒಂದೇ ಒಂದು ಸಲ ನನಗೆ ಜ್ವರ ಬಂದಾಗ ತಿಂದಿದ್ದೆ. ಜ್ವರದ ಬಾಯಿಗೆ ಏನು ಗೊತ್ತಾಗುತ್ತದೆ? “ಗೊತ್ತಿಲ್ಲ. ದೋಸೆ ಗೊತ್ತು. ನೀನೂ ತಿಂದಿದ್ದೆ,” ಅಂದೆ.

“ನಂಗೆ ಗ್ಯಾಪ್ಕ ಇಲ್ಲ,” ಅಂದು ಇನ್ನೊಂದು ತುಂಡು ತೆಗೆದುಕೊಂಡಳು.

ಆಗ ಅವಳಿಗೆ ನಾಲ್ಕು ವರ್ಷ, ಎಲ್ಲಿಂದ ಇರಬೇಕು. ನನ್ನ ಬಾಯಿಗೆ ಮಾತ್ರ ಆ ಏಳನೆಯದರ ನೆನಪಿದೆ. ಹುಳಿ ಜಾಸ್ತಿಯಾಗಿತ್ತು, ನೀರು ಹೆಚ್ಚಾಗಿ ಅಂಚು ಹರಿದಿತ್ತು. ಬಹಳ ರುಚಿಯಾಗಿತ್ತು.