ತೊಟ್ಟಿಲಿಗೆ ಕಟ್ಟಿದ ನೂಲು

ಬಟ್ಟೆ ಗಿರಣಿಯಲ್ಲಿ ಎಲ್ಲರೂ ಅವನನ್ನು ಗಂಟಣ್ಣ ಎಂದೇ ಕರೆಯುತ್ತಿದ್ದರು. ಮಗ್ಗದಲ್ಲಿ ಎಳೆ ಕಡಿದರೆ, ಪಕ್ಕದವನು ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ ಇವನು ಗಂಟು ಹಾಕಿ ಮುಗಿಸಿರುತ್ತಿದ್ದ. ಜೀವಮಾನವೆಲ್ಲ ಮಗ್ಗಗಳ ಅಬ್ಬರದ ನಡುವೆ ನಿಂತು ದುಡಿದವನಿಗೆ ಕೊನೆಕೊನೆಗೆ ಕಿವಿ ಕೈಕೊಟ್ಟಿತು. ಕೆಲಸದಿಂದ ಬಿಡುವಾಗಿ ಮನೆ ಸೇರಿದ ಮೇಲೆ ನೆಂಟರಿಷ್ಟರು ಅವನನ್ನು ಕಂಡರೆ ನಕ್ಕು ತಲೆಯಾಡಿಸಿ ಮುಂದೆ ಹೋಗುತ್ತಿದ್ದರು. ಕೂಗಿ ಕೂಗಿ ಮಾತಾಡುವ ಪುರಸೊತ್ತು ಯಾರಿಗಿದ್ದೀತು?

ಪಕ್ಕದ ಬೀದಿಯಲ್ಲಿದ್ದ ಮಗಳಿಗೆ ಹೆಣ್ಣುಮಗುವಾದಾಗ ಅವನು ಹಿಗ್ಗಿಹೋದ. ಮಗಳು ಎಳೆಗೂಸಾಗಿದ್ದಾಗ ಅವನಿಗೆ ಹಗಲಿರುಳೂ ಗಿರಣಿಯೇ ಆಗಿತ್ತು. ಅವಳನ್ನು ಎತ್ತಿ ಆಡಿಸಿದ ನೆನಪೇ ಇರಲಿಲ್ಲ. ಈ ಕೂಸನ್ನಾದರೂ ತೊಡೆಯ ಮೇಲೆ ಮಲಗಿಸಿಕೊಂಡು ಒಂದು ಮಧ್ಯಾಹ್ನ ಕಳೆಯಬೇಕು ಎಂಬುದೊಂದೇ ಅವನ ಆಸೆ. ಬರಿಗೈಯಲ್ಲಿ ಹೋಗುವುದು ಹೇಗೆಂದು ಆಟಿಕೆ ಅಂಗಡಿಗೆ ಹೋದ.

ಅಂಗಡಿಯವನು ಗಿಲಕಿಗಳನ್ನು ಒಂದೊಂದಾಗಿ ಅಲ್ಲಾಡಿಸಿ ತೋರಿಸಿದ. ಗಂಟಣ್ಣನಿಗೆ ಒಂದರ ಸದ್ದೂ ಕೇಳಿಸಲಿಲ್ಲ. ಪ್ರತಿಯೊಂದನ್ನೂ ದವಡೆಯ ಮೂಳೆಗೆ ಒತ್ತಿಕೊಂಡು ಕುಲುಕಿದ. ಕೊನೆಗೆ ಒಂದು ಮರದ ಗಿಲಕಿ ಹಲ್ಲಿನವರೆಗೂ ನಡುಗಿಸಿತು. ಒಳ್ಳೆಯ ಕಂಠವಿದೆ ಎಂದು ಸಂತೋಷಪಟ್ಟು ಅದನ್ನೇ ಆರಿಸಿದ. ಅಂಗಡಿಯವನು ಎರಡೂ ಕಿವಿ ಮುಚ್ಚಿಕೊಂಡು ನಗುತ್ತಿದ್ದುದನ್ನು ಗೆಲುವಿನ ನಗೆ ಎಂದುಕೊಂಡ.

ಮಗಳ ಮನೆಯಲ್ಲಿ ಅವನು ತೊಟ್ಟಿಲ ಮೇಲೆ ಬಾಗಿ ಗಿಲಕಿ ಆಡಿಸಿದ. ಕೂಸಿನ ಬಾಯಿ ಅಗಲವಾಗಿ ತೆರೆಯಿತು. ನಗುತ್ತಿದೆ ಎಂದು ಇನ್ನಷ್ಟು ಜೋರಾಗಿ ಆಡಿಸಿದ. ಅಡುಗೆಮನೆಯಿಂದ ಓಡಿಬಂದ ಹೆಂಡತಿ ಅವನ ಮಣಿಕಟ್ಟು ಹಿಡಿದಾಗಲೇ ಅವನಿಗೆ ಕೂಸಿನ ಮುಖ ಕೆಂಪೇರಿ, ಕಣ್ಣಂಚಿನಲ್ಲಿ ನೀರು ನಿಂತಿರುವುದು ಕಂಡದ್ದು.

"ಸಾಕು ಮಾಡ್ರೀ! ಇದೇನು ಮಗು ಆಡ್ಸೋದೋ, ಊರು ಎಬ್ಸೋದೋ?"

"ನಗ್ತಿದಾಳೆ ಅಂದ್ಕೊಂಡೆ ಕಣೇ."

ಮಗಳು ಕೂಸನ್ನು ಎದೆಗವಚಿಕೊಂಡು ಗೋಡೆಯ ಕಡೆ ತಿರುಗಿ ನಿಂತಳು. ಅವಳ ಕಣ್ಣು ಗುಳಿಬಿದ್ದಿದ್ದವು. ಬಸ್ಸು ಓಡಿಸುವ ಅಳಿಯ ಬೆಳಗಾಗುವ ಮುನ್ನವೇ ಹೊರಟುಬಿಡುತ್ತಿದ್ದ. ಬಾಣಂತಿಗೆ ನಿದ್ದೆಯೆಂಬುದೇ ಇರಲಿಲ್ಲ. ತಾಯಿ ಅವಳಿಗೆ, "ನಾನು ಔಷಧಿ ತಗೊಂಡ್ಬರ್ತೀನಿ, ನೀನು ಸ್ವಲ್ಪ ಮಲ್ಕೋ. ಅಪ್ಪ ನೋಡ್ಕೋತಾರೆ" ಎಂದಳು.

"ಅಪ್ಪನಾ? ಮಗು ಉಸಿರು ಕಟ್ಟೋ ಹಾಗೆ ಅತ್ರೂ ಅಪ್ಪಂಗೆ ಗೊತ್ತಾಗಲ್ವಲ್ಲಮ್ಮ. ಬೇಡ, ನಾನೇ ಎದ್ದಿರ್ತೀನಿ."

ತಂದೆಗೆ ತಿಳಿಯಬಾರದೆಂದೇ ಅವಳು ಮುಖ ತಿರುಗಿಸಿದ್ದಳು. ಆದರೆ ಗೋಡೆಯಲ್ಲಿ ಕನ್ನಡಿ ಇತ್ತು. ಗಿರಣಿಯ ಗದ್ದಲದಲ್ಲಿ ತುಟಿ ನೋಡಿಯೇ ಮಾತು ತಿಳಿಯುತ್ತಿದ್ದವನಿಗೆ ಕನ್ನಡಿಯೊಳಗಿನ ತುಟಿಯೂ ಸಾಕಾಯಿತು. ಅವನು ಏನೂ ಅರಿಯದವನಂತೆ ಚಪ್ಪಲಿ ಮೆಟ್ಟಿಕೊಂಡು ಹೊರಟ.

ಹಲವು ದಿನ ಅವನು ಆ ಕಡೆ ಸುಳಿಯಲಿಲ್ಲ. ಮಗಳ ಮೇಲೆ ಕೋಪವೇನೂ ಇರಲಿಲ್ಲ. ಅವಳು ಹೇಳಿದ್ದರಲ್ಲಿ ಸುಳ್ಳೇನಿತ್ತು? ಅದೇ ಅವನ ಮನಸ್ಸನ್ನು ಕೊರೆಯುತ್ತಿತ್ತು.

ಒಂದು ಬೆಳಿಗ್ಗೆ ಪೆಟ್ಟಿಗೆಯಿಂದ ಹಳೆಯ ಹತ್ತಿನೂಲಿನ ಲಡಿಗಳನ್ನು ಹೊರತೆಗೆದ. ಗಿರಣಿಯಲ್ಲಿ ಮಗ್ಗಕ್ಕೆ ಬಿಗಿದ ನೂಲಿನ ಹಾಸಿನ ಮೇಲೆ ಬೆರಳಿಟ್ಟರೆ ಯಾವ ಎಳೆ ಸಡಿಲವಾಗಿದೆ, ಯಾವುದು ಇನ್ನೇನು ಕಡಿಯಲಿದೆ ಎಂದು ಅವನಿಗೆ ತಿಳಿಯುತ್ತಿತ್ತು. ಆ ಬೆರಳುಗಳು ಇನ್ನೂ ಕಿವುಡಾಗಿರಲಿಲ್ಲ. ನೂಲನ್ನು ಕುದಿನೀರಿನಲ್ಲಿ ಅದ್ದಿ, ನೆರಳಿನಲ್ಲಿ ಒಣಗಿಸಿ, ಬಿಳಿಯ ನಡುವೆ ತೆಳುನೀಲಿ ಓಡುವಂತೆ ಸಣ್ಣ ಜಡೆಯಾಗಿ ಹೆಣೆಯತೊಡಗಿದ.

"ಈ ವಯಸ್ಸಲ್ಲಿ ಯಾರಿಗ್ರೀ ಜಡೆ ಹೆಣೀತಿದೀರಿ?" ಎಂದು ಹೆಂಡತಿ ಕೆಣಕಿದಳು.

"ನಿಂಗಂತೂ ಅಲ್ಲ. ಹೆಣೆಯೋಕೆ ನಿನ್ ತಲೇಲಿ ಕೂದ್ಲೆಲ್ಲಿದೆ?" ಎಂದ. ಅವಳು ಹುಸಿಮುನಿಸಿನಿಂದ ಲಡಿಯೊಂದನ್ನು ಅವನ ಮೇಲೆಸೆದು, ಮತ್ತೆ ತಾನೇ ಅದನ್ನು ಬಿಡಿಸಿಕೊಡಲು ಕುಳಿತಳು.

ಹೆಣಿಗೆ ಮುಗಿದ ದಿನ ಮಗಳ ಮನೆಗೆ ಹೋಗಿ, ಜಡೆಯ ಒಂದು ತುದಿಯನ್ನು ತೊಟ್ಟಿಲ ಹೊರಗಡೆ, ಕೂಸಿನ ಕೈಗೆಟುಕದಂತೆ ಕಟ್ಟಿದ. ಇನ್ನೊಂದು ತುದಿಯನ್ನು ಬೆರಳಿಗೆ ಸುತ್ತಿಕೊಂಡು, ತೊಟ್ಟಿಲಿಗೆ ಬೆನ್ನುಹಾಕಿ ಕುರ್ಚಿಯ ಮೇಲೆ ಕುಳಿತ.

"ಇದು ಮಗೂಗೆ ನನ್ನ ಉಡುಗೊರೆ. ಬೇಕಿದ್ರೆ ಪರೀಕ್ಷೆ ಮಾಡು" ಎಂದ.

ಮಗಳು ಅರೆಮನಸ್ಸಿನಿಂದ ಕೂಸಿನ ಅಂಗಾಲನ್ನು ಮೆಲ್ಲನೆ ಮುಟ್ಟಿದಳು. ಅವನು ಬೆರಳೆತ್ತಿದ. ಕೂಸು ತಲೆ ಹೊರಳಿಸಿತು; ಮತ್ತೆ ಬೆರಳೆತ್ತಿದ. ಅವಳು ಮುಟ್ಟದೆ ನಿಂತಳು. ಅವನ ಬೆರಳೂ ಏಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಬೆನ್ನು ತಿರುಗಿಸದೆಯೇ, "ಈಗ ಬಿಕ್ಕಳಿಕೆ ಬಂತು ನೋಡು" ಎಂದ.

ಬಂದಿತ್ತು. ಮಗಳು ಬಾಯಿಗೆ ಸೆರಗು ಒತ್ತಿಕೊಂಡಳು. ಬಳಿಕ ಅವನ ಎದುರಿಗೆ ಬಂದು ಕುಕ್ಕರಗಾಲಿನಲ್ಲಿ ಕುಳಿತು, ಅವನಿಗೆ ಕಾಣುವಂತೆ ತುಟಿ ಬಿಡಿಸಿ ಕೇಳಿದಳು: "ಅಪ್ಪ, ಅವತ್ತು ನಾನಂದಿದ್ದು ನಿಂಗೆ ಗೊತ್ತಾಯ್ತಾ?"

"ನೀನು ತಾಯಿ ಕಣಮ್ಮ. ಅನ್ಲೇಬೇಕಿತ್ತು. ಹೋಗು, ಮಲ್ಕೋ."

ಅವಳು ಒಳಕೋಣೆಗೆ ಹೋದಳು. ಬಾಗಿಲನ್ನು ಮಾತ್ರ ಪೂರ್ತಿ ತೆರೆದಿಟ್ಟಳು.

ಅವಳಿಗೆ ಎಚ್ಚರವಾದಾಗ ಬಿಸಿಲು ಕಿಟಕಿಯಿಂದ ಇಳಿದು ನೆಲದ ಮೇಲೆ ಬಂದಿತ್ತು. ಮನೆ ನಿಶ್ಶಬ್ದವಾಗಿತ್ತು. ಅವಳು ಹೊರಗೆ ಧಾವಿಸಿದಳು. ತೊಟ್ಟಿಲು ಬರಿದಾಗಿತ್ತು. ಕೂಸು ಅಜ್ಜನ ತೊಡೆಯ ಮೇಲೆ ಎಚ್ಚರವಾಗಿಯೇ ಮಲಗಿ, ಅವನ ಗೆಣ್ಣನ್ನು ಚೀಪುತ್ತಿತ್ತು. ಅವನ ಇನ್ನೊಂದು ಅಂಗೈ ಅದರ ಎದೆಯ ಮೇಲಿತ್ತು.

"ಅತ್ಳಾ?" ಎಂದಳು.

"ಅಳೋಕೆ ಬಿಟ್ರೆ ತಾನೇ?"

ಮಗಳು ಕೂಸನ್ನು ಎತ್ತಿಕೊಳ್ಳಲು ಕೈಚಾಚಿದಳು. ತಂದೆಯ ಮುಖವನ್ನೊಮ್ಮೆ ನೋಡಿ, ಚಾಚಿದ ಕೈಯಿಂದ ಕೂಸಿನ ಹೊದಿಕೆಯನ್ನಷ್ಟೇ ಸರಿಪಡಿಸಿದಳು.

"ಇನ್ನೊಂದು ಸ್ವಲ್ಪ ಮಲಗ್ತೀನಪ್ಪ" ಎಂದು ಹೇಳಿ ಒಳಗೆ ಹೋಗಿ, ಬಾಗಿಲು ಹಾಕಿಕೊಂಡಳು.