ಮಲಕವ್ವನ ಕುರಿ, ಬೀರದೇವನ ಇಂಜಿನ್

ರಾಯಬಾಗದಿಂದ ಮುಗಳಖೋಡಕ್ಕೆ ಹೋಗುವ ದಾರಿಯಲ್ಲಿ, ಕಬ್ಬಿನ ಟ್ರ್ಯಾಲಿಗಳು ರಿಪೇರಿಗೆ ಸಾಲುಗಟ್ಟಿ ನಿಲ್ಲುವ ಕಡೆ, ಬೀರದೇವನ ಲೇತ್ ಅಂಗಡಿ ಇದೆ. ಸವೆದ ಎಕ್ಸಲ್ ತರಲಿ, ಮುರಿದ ಪಂಪಿನ ಶಾಫ್ಟು ತರಲಿ, ಮಷೀನಿಗೆ ಕಟ್ಟಿ ತಿರುವಿ ನೆಟ್ಟಗೆ ಮಾಡಿ ಕೊಡುವ ಮನುಷ್ಯ. ವಯಸ್ಸು ಐವತ್ತು ದಾಟಿದೆ. ಮಾತು ಕಡಿಮೆ. ಅಂಗಡಿಯ ಹಿಂದೆ, ಅವನ ಅಪ್ಪ ಕುರಿ ಕೂಡಿಹಾಕುತ್ತಿದ್ದ ಶೆಡ್ಡಿನಲ್ಲಿ, ಅವನು ಏಳು ವರ್ಷ ಬಿಡುವಾದಾಗಲೆಲ್ಲ ಕೂತು ಒಂದು ಉಗಿಯ ಇಂಜಿನ್ ಕಟ್ಟಿದ. ಮೊಳದುದ್ದದ್ದು, ಆದರೆ ಗೂಡಿನಲ್ಲಿಟ್ಟು ನೋಡುವ ಗೊಂಬೆಯಲ್ಲ. ನೀರು ಕುಡಿದು, ಸ್ಪಿರಿಟ್ಟಿನ ಬೆಂಕಿಗೆ ಕಾದು, ತನ್ನದೇ ಉಗಿಯಲ್ಲಿ ಹಳಿಯ ಮೇಲೆ ಓಡುವಂಥದ್ದು.

ಈ ಹುಚ್ಚು ಹತ್ತಿದ್ದು ಚಿಕ್ಕಂದಿನಲ್ಲಿ. ಅಪ್ಪ ಗಂಗಾರಾಮ ಚಿಂಚಲಿ ಕಡೆ ರೈಲು ಹಳಿಯ ಬದಿಗೆ ಮಂದೆ ಬಿಟ್ಟಿರುತ್ತಿದ್ದ. ಆಗಿನ್ನೂ ಮಿರಜದ ಲೈನು ಸಣ್ಣ ಹಳಿಯದು, ಓಡುತ್ತಿದ್ದದ್ದು ಕರೀ ಇಂಜಿನ್. ಅದು ಕಾಣುವ ಮೊದಲೇ ಅಂಗಾಲಿಗೆ ನೆಲದ ನಡುಕ ಹತ್ತುತ್ತಿತ್ತು. ಆಮೇಲೆ ಹೊಗೆ, ಆಮೇಲೆ ಗಾಲಿಗಳನ್ನು ಹಿಡಿದೆಳೆಯುವ ಆ ಉದ್ದನೆಯ ಉಕ್ಕಿನ ತೋಳು. ಒಂದು ಸಲ ಹಾಗೆ ಬಾಯಿ ತೆರೆದು ನಿಂತಿದ್ದಾಗ ಮಂದೆಯೆಲ್ಲ ಪಕ್ಕದವರ ಜೋಳಕ್ಕೆ ನುಗ್ಗಿತು. ಅಪ್ಪ ಬೆನ್ನಿನ ಮೇಲೆ ಬರೆ ಬರುವಂತೆ ಬಾರಿಸಿದ. ಬೀರದೇವ ಅತ್ತ, ಮರುದಿನ ಮತ್ತೆ ಅಲ್ಲೇ ನಿಂತ. ಮುಂದೆ ಕರೀ ಇಂಜಿನ್ ಹೋಯಿತು, ಡೀಸೆಲ್ ಬಂತು, ಹಳಿ ಅಗಲವಾಯಿತು. ಅವನು ನಿಪ್ಪಾಣಿಯ ಒಂದು ವರ್ಕ್‌ಶಾಪಿನಲ್ಲಿ ಲೇತ್ ಕಲಿತು, ಊರಿಗೆ ಬಂದು ಅಂಗಡಿ ಹಾಕಿ, ಐಗಳಿಯ ಕುರುಬರ ಮನೆಯ ಮಲಕವ್ವನನ್ನು ಮದುವೆಯಾದ. ಆ ಉಕ್ಕಿನ ತೋಳು ಮಾತ್ರ ತಲೆಯಿಂದ ಹೋಗಲಿಲ್ಲ.

ತಾಮ್ರದ ಬಾಯ್ಲರು ಎರಡು ಸಲ ಸೋರಿತು. ಪಿಸ್ಟನ್ನು ಕೂದಲೆಳೆಯಷ್ಟು ದಪ್ಪವಾದರೆ ಬಿಗಿ, ತೆಳುವಾದರೆ ಉಗಿ ಸೋರಿಕೆ. ಎಷ್ಟು ಪಿಸ್ಟನ್ನು ತಿರುವಿ ಎಸೆದನೋ. ಕೊನೆಗೊಂದು ಭಾನುವಾರ ಅದು ಒಂದು ಸಲ ಸೀನಿ, ತೋಳಾಡಿಸಿ, ಪ್ಲೈವುಡ್ಡಿನ ಮೇಲೆ ಹಾಸಿದ ಹಳಿಯ ಸುತ್ತ ಓಡಿತು. ಮಲಕವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

"ಅಯ್ಯ, ಖರೇನ ಹೊಂಟೈತಲ್ರಿ!"

ಬೀರದೇವನ ಕಣ್ಣು ತುಂಬಿ ಬಂದವು. ಅವಳು ಸ್ವಲ್ಪ ಹೊತ್ತು ನೋಡಿ, ಬರೀ ಹಲಗೆಯನ್ನು ತೋರಿಸಿ ಕೇಳಿದಳು, "ಗಾಡಿ ಏನೋ ಓಡಾಕತ್ತೈತಿ. ಆದ್ರ ಯಾವ ಊರಾಗ ಓಡಾಕತ್ತೈತ್ರಿ ಇದು?"

ಅವನು ನಕ್ಕ. "ನೀನ ಹೇಳು."

ಎರಡು ದಿನ ಬಿಟ್ಟು ಹಳಿಯ ಬದಿಗೆ ಮೂರು ಕುರಿ ನಿಂತಿದ್ದವು. ಸಣ್ಣ ತಂತಿಯ ಮೈಗೆ ಕರೀ ಉಣ್ಣೆ ಸುತ್ತಿದ್ದಳು. ಹುಟ್ಟಿದಾಗಿನಿಂದ ಉಣ್ಣೆ ಹಿಂಜಿ ನೂತ ಕೈ. ಬೀರದೇವನಿಗೆ ಖುಷಿಯೇ ಆಯಿತು. "ಚಲೋ ಮಾಡೀದಿ, ಇನ್ನೊಂದಿಷ್ಟು ಮಾಡು" ಎಂದವನೂ ಅವನೇ. ಅವಳು ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಕೂತು ಮಾಡುತ್ತ ಹೋದಳು. ಬೇವಿನ ಗಿಡ ಬಂತು, ಕಂಬಳಿ ಹೊದ್ದು ಕೋಲಿಗೆ ಆತು ನಿಂತ ಮುದುಕ ಬಂದ, ಹೊಳೆಯ ದಂಡೆಗೆ ಸೀರೆ ಒಗೆಯುವ ಹೆಂಗಸರು ಬಂದರು. ಕುರಿಗಳು ಮಂದೆಯಾದವು.

ಇಂಜಿನ್ ನೋಡಲು ಬೀರದೇವ ಮೊದಲು ಕರೆದದ್ದು ಬಾಳಾಸಾಬನನ್ನು. ಪಕ್ಕದಲ್ಲೇ ಟ್ರ್ಯಾಲಿ ಕಟ್ಟುವವನು, ಹಳೇ ಗೆಳೆಯ, ಕಬ್ಬಿಣದ ಕೆಲಸ ಬಲ್ಲವನು. ಅವನ ಬಾಯಿಂದ ಒಂದು ಮಾತು ಬರಲಿ ಎಂದು ಬೀರದೇವ ಏಳು ವರ್ಷ ಕಾದಿದ್ದ. ಬಾಳಾಸಾಬ ಒಳಗೆ ಬಂದವನೇ ಹಲಗೆಯ ಮೇಲೆ ಬಗ್ಗಿದ.

"ಲೇ ಬೀರ್ಯಾ, ಇದನ್ನ ನೋಡಲೇ! ಹಿಂಗಾಲಿಲೆ ಕಿವಿ ಕೆರಕೊಳ್ಳಾಕತ್ತೈತಿ!"

ಇಂಜಿನ್ ಅವನ ಮೂಗಿನ ಮುಂದೆಯೇ ಹಾದು ಹೋಯಿತು. ಬೀರದೇವ ಸೀಟಿ ಹೊಡೆಸಿದ. ಬಾಳಾಸಾಬ ತಲೆ ಎತ್ತಿ, "ಹೂಂ, ಗಾಡೀನೂ ಚಲೋ ಐತಿ" ಎಂದು ಮತ್ತೆ ಕುರಿಯ ಕಡೆ ಬಗ್ಗಿದ.

ಗಾಡೀನೂ. ಆ 'ನೂ' ಬೀರದೇವನಿಗೆ ಜಾಲಿಮುಳ್ಳಿನಂತೆ ನಟ್ಟಿತು. ಊಟಕ್ಕೆ ಕೂತಾಗಲೂ ಅದೇ ಕಿವಿಯಲ್ಲಿತ್ತು.

ಆಮೇಲೆ ಬಂದವರೆಲ್ಲ ಹಾಗೆಯೇ. ಓಣಿಯ ತುಳಸವ್ವ ನಾಲ್ಕು ಹೆಂಗಸರನ್ನು ಕಟ್ಟಿಕೊಂಡು ಬಂದಳು. ಅವರು ಸೀರೆ ಒಗೆಯುವ ಗೊಂಬೆಗಳಲ್ಲಿ ಇದು ಇಂಥವಳು, ಅದು ಇಂಥವಳು ಎಂದು ಗುರುತು ಹಿಡಿದು ಹೊಟ್ಟೆ ಹಿಡಿದು ನಕ್ಕರು. ಇಂಜಿನ್ ಸುತ್ತು ಹಾಕುತ್ತಲೇ ಇತ್ತು. ಚಿಕ್ಕೋಡಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ಸುರಜ ಎಂಬವನು ಸುದ್ದಿ ಕೇಳಿ ಬಂದು ವಿಡಿಯೋ ಮಾಡಿಕೊಂಡು ಹೋದ. ಅದು ಎಲ್ಲರ ಮೊಬೈಲಿನಲ್ಲೂ ಓಡಾಡಿತು. ಕೊಗನೊಳ್ಳಿಯಿಂದ ಬೀರದೇವನ ಸೋದರಮಾವನ ಮಗನೇ ಫೋನ್ ಮಾಡಿ, "ವೈನಿಗೆ ಕೊಡು, ವೈನಿ ಜೋಡಿ ಮಾತಾಡಬೇಕು" ಎಂದು ಮಲಕವ್ವನನ್ನೇ ಕೇಳಿದ. ಬೀರದೇವ ಅಂಗಡಿಯ ಬಾಗಿಲು ಅರ್ಧ ಎಳೆದು ಆ ವಿಡಿಯೋವನ್ನು ಮತ್ತೆ ಮತ್ತೆ ನೋಡಿದ. ಕುರಿ, ಕುರಿ, ಮುದುಕನ ಮುಖ, ಮತ್ತೆ ಕುರಿ. ಅವನ ಇಂಜಿನ್ನು ಅವುಗಳ ಬೆನ್ನ ಹಿಂದೆ ಹೊಗೆಯಾಗಿ ಹಾದು ಹೋಗುತ್ತಿತ್ತು.

ಅಂದಿನಿಂದ ಅವನಿಗೆ ಕುರಿಗಳಲ್ಲಿ ತಪ್ಪು ಕಾಣತೊಡಗಿತು. ಉಣ್ಣೆ ಗಾಲಿಗೆ ಸಿಗುತ್ತದೆ ಎಂದ, ಬೆಂಕಿ ಹತ್ತೀತು ಎಂದು ಮಂದೆಯನ್ನು ಮೂಲೆಗೆ ಸರಿಸಿದ. ಒಂದು ದಿನ ಅಳತೆಪಟ್ಟಿ ಹಿಡಿದುಕೊಂಡೇ ಬಂದ.

"ನಿನ್ನ ಕುರಿ ಗಾಲಿಯಷ್ಟ ಎತ್ತರ ಅದಾವ. ಖರೇ ಕುರಿ ಗಾಲಿಯ ಅರ್ಧಕ್ಕ ಬರತಾವ. ಎಲ್ಲಾ ಕೆಟ್ಟಂಗ ಕಾಣತೈತಿ."

ಮಲಕವ್ವ ಒಂದು ಕುರಿ ಎತ್ತಿ ಗಾಲಿಯ ಪಕ್ಕ ಹಿಡಿದು ನೋಡಿದಳು. "ಹೌದಲ್ರಿ" ಎಂದಳು, ಅಷ್ಟೇ. ಅಳುತ್ತಾಳೆ, ಇಲ್ಲವೇ ಜಗಳ ತೆಗೆಯುತ್ತಾಳೆ, ಹೇಗೂ ಬಿಟ್ಟುಬಿಡುತ್ತಾಳೆ ಎಂದುಕೊಂಡಿದ್ದ ಬೀರದೇವ. ಅವಳು ಇಡೀ ಮಂದೆಯನ್ನು ಬಿಚ್ಚಿ, ಉಗುರಿನಷ್ಟುದ್ದದ ಕುರಿಗಳನ್ನು ಹೊಸದಾಗಿ ಮಾಡಿದಳು. ಸಣ್ಣವಾದಷ್ಟೂ ಅವು ಇನ್ನೂ ಜೀವಂತವಾಗಿ ಕಂಡವು. ಒಂದು ಮರಿ ಮೊಣಕಾಲೂರಿ ತಾಯಿಯ ಮೊಲೆಗೆ ಗುದ್ದುತ್ತಿತ್ತು. ಬೀರದೇವನಿಗೆ ಅದನ್ನು ನೋಡಿದಾಗ ಹೊಟ್ಟೆಯಲ್ಲಿ ಕೆಂಡ ಇಟ್ಟಂತಾಯಿತು. ಯಾಕೆಂದರೆ ಅದು ಎಷ್ಟು ಚಂದ ಇದೆ ಎಂದು ಅವನಿಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತಾಗುತ್ತಿತ್ತು.

ಹೀಗಿರುವಾಗ ಸುರಜನ ಫೋನ್ ಬಂತು. ಚಿಕ್ಕೋಡಿಯ ಒಂದು ಮಂಗಲ ಕಾರ್ಯಾಲಯದಲ್ಲಿ ಕೈಕೆಲಸದವರ ಪ್ರದರ್ಶನ ಇಟ್ಟಿದ್ದರು.

"ಕಾಕಾ, ನೀವಿಬ್ಬರೂ ಬರಬೇಕು. ಮಲಕವ್ವ ಕಾಕೂನ್ನ ಮಂದಿ ಭಾಳ ಕೇಳಾಕತ್ತಾರ್ರಿ."

"ಆಕಿಗೆ ಆಗಾಂಗಿಲ್ಲಪಾ," ಎಂದ ಬೀರದೇವ. "ತವರಮನಿಗೆ ಹೊಂಟಾಳ. ಅವರಪ್ಪಗ ಆರಾಮಿಲ್ಲ."

ಅಷ್ಟು ಸರಾಗವಾಗಿ ಸುಳ್ಳು ಬಂತಲ್ಲ ಎಂದು ಅವನಿಗೇ ಆಶ್ಚರ್ಯ. ಮನೆಯಲ್ಲಿ ಹೆಂಡತಿಗೆ, "ಬರೇ ಇಂಜಿನ್ನಿಗೆ ಜಾಗಾ ಕೊಟ್ಟಾರ" ಎಂದ. ಅವಳು ತನ್ನ ಹಳೇ ಸೀರೆಯಲ್ಲಿ ಇಂಜಿನ್ ಸುತ್ತಿ ಕೊಟ್ಟಳು. ಇರಲಿ ಎಂದು ಕುರಿಗಳನ್ನೂ ಒಂದು ಸ್ಟೀಲ್ ಡಬ್ಬಿಗೆ ತುಂಬಿ ಬದಿಗಿಟ್ಟಿದ್ದಳು. ಬೀರದೇವ ಡಬ್ಬಿಯನ್ನು ಅಲ್ಲೇ ಬಿಟ್ಟು ಹೊರಟ.

ಚಿಕ್ಕೋಡಿಯಲ್ಲಿ ಅವನು ಬಯಸಿದ್ದೇ ಆಯಿತು. ಬರೀ ಹಲಗೆ, ಹಳಿ, ಇಂಜಿನ್. ಮಂದಿ ನೋಡಿದರು, ಚಪ್ಪಾಳೆ ತಟ್ಟಿದರು, ಬಾಯ್ಲರಿನ ಬಗ್ಗೆ ಕೇಳಿದರು. ಬೀರದೇವ ಜೀವನದಲ್ಲಿ ಮೊದಲ ಸಲ ಅಷ್ಟು ಮಾತಾಡಿದ. ಊಟದ ಹೊತ್ತಿಗೆ ಬಿಳೀ ಟೊಪ್ಪಿಗೆಯ ಒಬ್ಬ ಮುದುಕ ಕೋಲೂರಿಕೊಂಡು ಬಂದ. ಮಿರಜದ ಸಂಭಾಜಿ. ಇದೇ ಲೈನಿನಲ್ಲಿ ಮೊದಲು ಇಂಜಿನ್ನಿನ ಒಲೆಗೆ ಕಲ್ಲಿದ್ದಲು ಹಾಕಿ, ಆಮೇಲೆ ಇಂಜಿನ್ ನಡೆಸಿದವನು. ಉಗಿಯ ವಾಸನೆ ಮೂಗಿಗೆ ಬಡಿದದ್ದೇ ಕಣ್ಣು ಮುಚ್ಚಿದ. "ಹೀಚ್, ಹೀಚ್ ಆಮಚೀ ಗಾಡೀ," ಇದೇ ನಮ್ಮ ಗಾಡಿ, ಎಂದು ಮರಾಠಿಯಲ್ಲಿ ಹೇಳಿ ಬೀರದೇವನ ಕೈ ಹಿಡಿದುಕೊಂಡ. ಇದಕ್ಕಿಂತ ದೊಡ್ಡ ಬಹುಮಾನ ಬೀರದೇವನಿಗೆ ಬೇಕಿರಲಿಲ್ಲ.

ಆಮೇಲೆ ಮುದುಕ ಕಣ್ಣು ತೆರೆದು ಹಲಗೆಯ ಆಚೆ ಈಚೆ ಹುಡುಕಿದ. "ಮತ್ತ ಕುರಿ? ಮೊಬೈಲದಾಗ ನೋಡಿ ಬಂದೇನಿ ನಾ. ಚಿಂಚಲಿ ದಾಟಿದ ಕೂಡ್ಲೆ ಕುರಿ ಹಳಿ ಮ್ಯಾಲ ಇರೂವು. ಜಲಮೆಲ್ಲಾ ಅವಕ್ಕ ಸೀಟಿ ಹೊಡದೇವಿ, ಬೈದೇವಿ. ಕುರಿ ಇಲ್ಲದ ಆ ಲೈನ ಎಲ್ಲಿ ಇತ್ತಪಾ?"

ಪಕ್ಕದಲ್ಲಿದ್ದ ಸುರಜ, "ಕಾಕೂ ಊರಾಗಿಲ್ರಿ ಅಜ್ಜಾರ" ಎಂದ. "ತಡೀರಿ, ಬಾಜೂ ಅಂಗಡಿ ಬಾಳಾಸಾಬ ಕಾಕಾಗ ಫೋನ್ ಹಚ್ಚಿ ಯಾವಾಗ ಬರತಾರ ಕೇಳತೇನಿ. ಅವತ್ತ ನೀವು ರಾಯಬಾಗಕ್ಕ ಬರ್ರಿ." ಫೋನ್ ಹಿಡಿದು ಹೊರಗೆ ಹೋದ. ಬೀರದೇವ ಬಗ್ಗಿ ಸ್ಪಿರಿಟ್ಟಿನ ಬೆಂಕಿ ಆರಿಸಿದ. ಹಿಂದಿರುಗಿ ಬಂದ ಸುರಜ ಬೀರದೇವನ ಮುಖ ನೋಡದೆ ಮುದುಕನನ್ನು ಊಟಕ್ಕೆ ಕರೆದುಕೊಂಡು ಹೋದ.

ಸಂಜೆ ಮನೆ ಮುಟ್ಟಿದಾಗ ಮಲಕವ್ವ ಕಟ್ಟೆಯ ಮೇಲೆ ಉಣ್ಣೆ ಹಿಂಜುತ್ತ ಕೂತಿದ್ದಳು. ನೀರು ತಂದುಕೊಟ್ಟಳು. ಅವನು ಕುಡಿದು ಮುಗಿಸುವವರೆಗೆ ತಡೆದು ಹೇಳಿದಳು, "ನನ್ನ ತವರಮನ್ಯಾಗ ಎಲ್ಲಾರೂ ಆರಾಮ ಅದಾರಂತ್ರಿ."

ಬೀರದೇವ ತಂಬಿಗೆ ಹಿಡಿದೇ ನಿಂತ. ಏನೇನೋ ಹೇಳಬೇಕೆಂದು ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ. ಬಾಯಿಂದ ಬಂದದ್ದು ಒಂದೇ. "ನನಗ ಹೊಟ್ಟಿಕಿಚ್ಚ ಆತು."

"ಗೊತ್ತೈತ್ರಿ. ಕುರಿ ದೊಡ್ಡವಾಗ್ಯಾವ ಅಂದ್ರಲ್ಲ, ಅವತ್ತ ಗೊತ್ತಾತು."

"ಮತ್ತ್ಯಾಕ ಸಣ್ಣ ಮಾಡಿದಿ?"

"ದೊಡ್ಡವಾಗಿದ್ದು ಖರೇ ಇತ್ತಲ್ಲ."

ಬೀರದೇವ ತಂಬಿಗೆಯನ್ನು ಕಟ್ಟೆಯ ಮೇಲಿಟ್ಟ. ಅವಳು ಉಣ್ಣೆ ಕೊಡವಿಕೊಂಡು ಎದ್ದಳು. "ಹೊಟ್ಟಿಕಿಚ್ಚ ಆಗಲಿ, ಮನಶಾ ಅಂದ ಮ್ಯಾಲ ಆಗತೈತಿ. ನಮ್ಮಪ್ಪಗ ಆರಾಮಿಲ್ಲ ಅಂತ ಸುಳ್ಳ ಹೇಳೀರಿ. ಅದನ್ನ ನಾ ಮರ್ಯಾಂಗಿಲ್ರಿ."

ಮರುದಿನ ಶೆಡ್ಡಿನಲ್ಲಿ ಒಂದು ಕಡ್ಡಿ ಬೇವೂ ಇರಲಿಲ್ಲ. ಹಳೇ ಬಾಗಿಲಿನ ಹಲಗೆಯೊಂದನ್ನು ಅಡುಗೆಮನೆಯ ಪಕ್ಕ ಇಟ್ಟುಕೊಂಡು ಅವಳು ತನ್ನ ಊರನ್ನು ಅದರ ಮೇಲೆ ಹೂಡಿದಳು. ಹಳಿ ಇಲ್ಲ, ರೈಲಿಲ್ಲ. ನೋಡಲು ಬಂದವರು ಅಂಗಡಿ ದಾಟಿ ಸೀದಾ ಅಡುಗೆಮನೆಗೆ ಹೋದರು. ಬೀರದೇವ ಶೆಡ್ಡಿನಲ್ಲಿ ಒಬ್ಬನೇ ಇಂಜಿನ್ ಓಡಿಸಿದ. ಗೋಡೆಯ ಆಚೆಯ ನಗು ಕೇಳಿಸುತ್ತಿತ್ತು. ಒಂದು ಸಲ ಯಾರಿಗೂ ಕಾಣದಂತೆ ತಾನೇ ಒಂದು ಕುರಿ ಮಾಡಲು ಕೂತ. ಅದು ನೀರಲ್ಲಿ ಬಿದ್ದ ಇಲಿಯಂತೆ ಆಯಿತು. ಬೆಂಕಿಗೆ ಹಾಕಿದ.

ಕಬ್ಬಿನ ಹಂಗಾಮು ಮುಗಿದ ಮೇಲೆ ಸುರಜ ಮತ್ತೆ ಫೋನ್ ಮಾಡಿದ. ಈ ಸಲ ಅಥಣಿಯಲ್ಲಿ ಪ್ರದರ್ಶನ. ಬೀರದೇವ ಮಾತು ಕೇಳಿಸಿಕೊಂಡು ಅಡುಗೆಮನೆಗೆ ನಡೆದು, "ನಿನಗ ಫೋನ ಐತಿ" ಎಂದು ಮೊಬೈಲು ಚಾಚಿದ. ಮಲಕವ್ವ ಅವನನ್ನು ಒಂದು ಗಳಿಗೆ ನೋಡಿ ಇಸಿದುಕೊಂಡಳು. ಮಾತು ಮುಗಿಸಿ ಹೇಳಿದಳು, "ಇಬ್ಬರೂ ಹೋಗೂಣು. ಆದ್ರ ಟಗರಿಗೆ ಒಂದು ಗಂಟಿ ಬೇಕು. ಉಣ್ಣಿಲೆ ಗಂಟಿ ಬರಾಂಗಿಲ್ಲ."

ಸಾಸಿವೆ ಕಾಳಿನಷ್ಟು ಹಿತ್ತಾಳೆಯ ಗಂಟೆ. ಲೇತಿಗೆ ಕಟ್ಟಿದರೆ ಹಾರಿ ಹೋಗಿ ನೆಲದ ಮೇಲಿನ ಕಬ್ಬಿಣದ ಚೂರುಗಳಲ್ಲಿ ಕಳೆದುಹೋಗುತ್ತಿತ್ತು. ಉಸಿರು ಬಿಗಿಹಿಡಿದು ಕೊರೆಯಬೇಕು. ಬೀರದೇವ ಅಂಗಡಿಯ ಕೆಲಸ ಬದಿಗಿಟ್ಟು ಅದಕ್ಕೇ ಕೂತ. ಆದ ಮೇಲೆ ಕಾಗದದ ಮೇಲಿಟ್ಟು ಕೊಟ್ಟ. ಅವಳು "ಚಲೋ ಆಗೈತಿ" ಎನ್ನಲಿಲ್ಲ, ದಾರ ಪೋಣಿಸಿ ಟಗರಿನ ಕೊರಳಿಗೆ ಕಟ್ಟಿದಳು.

ಅಥಣಿಯಲ್ಲಿ ಹಳಿಯ ಸುತ್ತ ಮತ್ತೆ ಊರು ಎದ್ದಿತು. ಮಂದಿ ಬಂದಾಗ ಬೀರದೇವನ ಕಣ್ಣು ತಾನಾಗಿ ಅವರ ಕಣ್ಣಿನ ಹಿಂದೆ ಹೋಗುತ್ತಿತ್ತು. ಮೊದಲ ನೋಟ ಎತ್ತ ಬಿತ್ತು? ಕುರಿಯತ್ತ. ಒಳಗೆ ಆ ಕೆಂಡ ಹಾಗೇ ಇತ್ತು. ಅದನ್ನು ಇಟ್ಟುಕೊಂಡೇ ಅವನು ಬಾಯ್ಲರಿಗೆ ನೀರು ತುಂಬುತ್ತಿದ್ದ.

ಅಷ್ಟರಲ್ಲಿ ಕನ್ನಡಕದ ಹೆಂಗಸೊಬ್ಬಳು ಬಗ್ಗಿ ನೋಡಿ ಕೂಗಿದಳು, "ಅಯ್ಯಯ್ಯ, ಟಗರಿಗೆ ಗಂಟಿ ನೋಡ್ರಿ! ಖರೇ ಗಂಟಿ! ಯಾರು ಮಾಡ್ಯಾರ್ರಿ ಇದನ್ನ?"

ಹತ್ತು ತಲೆ ಒಟ್ಟಿಗೆ ಬಗ್ಗಿದವು. ಗಂಟೆ, ಗಂಟೆ ಎಂದು ಒಬ್ಬರನ್ನೊಬ್ಬರು ಕರೆದರು. ಮಲಕವ್ವನ ತುಟಿ ಬಿಗಿಯಿತು. "ಇವರ ಮಾಡಿದ್ದು. ಅದಕ ಮಷೀನ್ ಐತ್ರಿ" ಎಂದಳು.

ಆ ಮುಖವನ್ನು ಬೀರದೇವ ಚೆನ್ನಾಗಿ ಬಲ್ಲ. ತಿಂಗಳುಗಟ್ಟಲೆ ಕನ್ನಡಿಯಲ್ಲಿ ನೋಡಿದ್ದ. ಅವನಿಗೆ ಒಳಗೊಳಗೆ ಹಿತವಾಯಿತು, ಹಿತವಾದದ್ದಕ್ಕೆ ನಾಚಿಕೆಯೂ ಆಯಿತು. ಹಿತವನ್ನು ಇನ್ನೊಂದಿಷ್ಟು ಹೊತ್ತು ಇಟ್ಟುಕೊಳ್ಳುವ ಆಸೆ ಬಹಳ ಇತ್ತು. ಗಂಟಲು ಸರಿಮಾಡಿಕೊಂಡ.

"ಗಂಟಿ ಇರಲ್ರಿ," ಎಂದ ಆ ಹೆಂಗಸಿಗೆ. "ಆ ಟಗರಿನ ಕೋಡು ನೋಡ್ರಿ, ಹೆಂಗ ಸುತ್ತಿಕೊಂಡಾವ. ಅದಕ ಮಷೀನಿಲ್ಲ."

ಮಲಕವ್ವ ಅವನ ಕಡೆ ತಿರುಗಲಿಲ್ಲ. ಎರಡು ಬೆರಳಲ್ಲಿ ಟಗರನ್ನು ಹಿಡಿದು, ಕೋಡಿಗೆ ಬೆಳಕು ಬೀಳುವಂತೆ ಸ್ವಲ್ಪ ಹೊರಳಿಸಿ ಇಟ್ಟಳು.