ಸೀರಿಯಸ್ ಎಂದು ಬರೆಯದ ತಂತಿ

ಐವತ್ತರ ದಶಕದ ಕೊನೆಯ ಹೊತ್ತಿಗೆ ಹೊಳೆನರಸೀಪುರದಲ್ಲಿ ಇಂಗ್ಲಿಷ್ ಬಾರದವರಿಗೂ ಚೆನ್ನಾಗಿ ಗೊತ್ತಿದ್ದ ಒಂದು ಇಂಗ್ಲಿಷ್ ಪದ ಸೀರಿಯಸ್. ತಂತಿಯಲ್ಲಿ ಬಂದರೆ ಅದರ ಅರ್ಥ, ಸತ್ತುಹೋಗಿದ್ದಾರೆ ಎಂದು.

ಇದು ಅಜ್ಞಾನದಿಂದ ಆದದ್ದಲ್ಲ. ಸತ್ತರು ಎಂದೇ ಬರೆದರೆ, ಓದಿದವನು ರೈಲು ಹತ್ತುವ ಮೊದಲೇ ಕುಸಿದುಬಿಡುತ್ತಾನೆ, ದಾರಿಯಲ್ಲಿ ಒಂದು ಲೋಟ ನೀರೂ ಕುಡಿಯುವುದಿಲ್ಲ ಎಂದು ನಮ್ಮವರು ಸೀರಿಯಸ್ ಎಂದು ಬರೆಸುತ್ತಿದ್ದರು. ಓದಿದವನಿಗೂ ಅದು ಗೊತ್ತಿರುತ್ತಿತ್ತು. ಅವನು ಸೀರಿಯಸ್ ಎಂದು ಓದಿ, ಅತ್ತು, ಮಿಂದು ಹೊರಡುತ್ತಿದ್ದ. ಅರಕಲಗೂಡಿನ ಕಡೆಯ ಹೊಗೆಸೊಪ್ಪಿನ ರೈತರೊಬ್ಬರಿಗೆ ನಿಜವಾಗಿಯೇ ಜ್ವರ ಏರಿದಾಗ ಮನೆಯವರು ಮಗನಿಗೆ ಸೀರಿಯಸ್ ಎಂದು ತಂತಿ ಕೊಟ್ಟರಂತೆ. ಮಗ ಬರುವಾಗಲೇ ಹೊಸ ಬಿಳಿಬಟ್ಟೆ ತಂದಿದ್ದ. ಜ್ವರ ಬಿಟ್ಟು ಜಗಲಿಯಲ್ಲಿ ಮುದ್ದೆ ಉಣ್ಣುತ್ತಿದ್ದ ತಂದೆ ಬಟ್ಟೆಯನ್ನು ಮುಟ್ಟಿ ನೋಡಿ, "ಚೆನ್ನಾಗದೆ ಕಣ್ಲಾ, ಯಾರಿಗೆ?" ಎಂದರಂತೆ.

ಪದಕ್ಕೆ ಇನ್ನೊಂದು ಉಪಯೋಗವೂ ಇತ್ತು. ನಾನು ಆಗ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರು. ರಜೆ ಚೀಟಿಯಲ್ಲಿ ಸೀರಿಯಸ್ ಎಂದು ಬರೆದರೆ ಹೆಡ್‌ಮಾಸ್ತರು ಪ್ರಶ್ನಿಸುತ್ತಿರಲಿಲ್ಲ. ಚನ್ನರಾಯಪಟ್ಟಣದಿಂದ ಬಂದಿದ್ದ ನನ್ನ ಸಹೋದ್ಯೋಗಿಯೊಬ್ಬರ ಅಜ್ಜಿ ಒಂದೇ ವರ್ಷದಲ್ಲಿ ಮೂರು ಸಲ ಸೀರಿಯಸ್ ಆಗಿದ್ದರು. ಮೂರು ಸಲವೂ ಹೆಡ್‌ಮಾಸ್ತರು ಮುಖ ಸಣ್ಣದು ಮಾಡಿಕೊಂಡು ಸಂತಾಪ ಹೇಳಿದ್ದನ್ನು ನಾನು ನೋಡಿದ್ದೇನೆ.

ಆ ಬೇಸಿಗೆಯಲ್ಲಿ ನನ್ನ ಅಜ್ಜಿ ಹಾಸಿಗೆ ಹಿಡಿದಳು. ಹಾಸನದಿಂದ ಬಂದ ಡಾಕ್ಟರು ವಾರ, ಹೆಚ್ಚೆಂದರೆ ಹದಿನೈದು ದಿನ ಎಂದರು. ಅಜ್ಜಿ ಗಂಜಿಗೂ ಬಾಯಿ ತೆರೆಯಲಿಲ್ಲ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಕೇಳುತ್ತಿದ್ದದ್ದು ಒಂದೇ ಮಾತು: "ಚಿಕ್ಕೋನು ಬಂದ್ನಾ?"

ಚಿಕ್ಕೋನು ಎಂದರೆ ನನ್ನ ಚಿಕ್ಕಪ್ಪ. ಮುಂಬಯಿಯಲ್ಲಿ ರೈಲ್ವೆ ಕೆಲಸ. ಆಸ್ತಿ ಭಾಗದ ಸಮಯದಲ್ಲಿ ಬಚ್ಚಲ ತಾಮ್ರದ ಹಂಡೆಗಾಗಿ ಅಪ್ಪನ ಜೊತೆ ಮಾತು ಬೆಳೆದು, "ನೀನೇ ಮಿಂದ್ಕೊ" ಎಂದು ಹೇಳಿ ಹೋದವನು. ಆಮೇಲೆ ಒಂದು ಸಲ ಮಾತ್ರ ಬಂದಿದ್ದ, ಅಜ್ಜ ಸತ್ತಾಗ. ಸೀರಿಯಸ್ ಎಂಬ ತಂತಿ ಓದಿ, ಎರಡು ದಿನದ ದಾರಿ, ಹೇಗೂ ಮಣ್ಣು ಮುಗಿದಿರುತ್ತದೆ ಎಂದು ಲೆಕ್ಕ ಹಾಕಿ ಹನ್ನೊಂದನೆಯ ದಿನ ಬಂದು, ಅಪ್ಪನ ಜೊತೆ ಮಾತಾಡದೆ, ಉಂಡು ಹೋಗಿದ್ದ. ಈಗಲೂ ಅದೇ ಪದ ಕಳಿಸಿದರೆ ಹನ್ನೊಂದನೆಯ ದಿನವೇ ಬರುತ್ತಾನೆ. ಅಷ್ಟರಲ್ಲಿ ಅಜ್ಜಿ ಇರುವುದಿಲ್ಲ.

"ಬೇರೆ ಪದ ಆಕ್ಲಾ," ಎಂದರು ಅಪ್ಪ. "ಮೇಷ್ಟ್ರಲ್ವಾ ನೀನು."

ನಾನು ಡಿಕ್ಷನರಿ ಹಿಡಿದು ಅಂಚೆ ಕಚೇರಿಗೆ ಹೋದೆ. ಪೋಸ್ಟ್‌ಮಾಸ್ಟರು ಕನ್ನಡಕ ಒರೆಸಿಕೊಂಡು ಒಂದೊಂದೇ ಪದವನ್ನು ತೂಗಿದರು.

"ಇಲ್ ಅಂತ ಹಾಕಲಾ ಸಾರ್?" ಎಂದೆ.

"ಇಲ್ ಅಂದ್ರೆ ನೆಗಡಿ. ಯಾರು ಬರ್ತಾರೆ?"

"ಅನ್‌ವೆಲ್?"

"ಅದು ಮದುವೆಗೆ ಹೋಗದವರು ಬರೆಯೋದು."

"ಸಿಂಕಿಂಗ್ ಅಂತ ಇದೆ."

"ಹೇಮಾವತಿ ದಡದ ಊರಪ್ಪ ಇದು. ಹೊಳೆಗೆ ಬಿದ್ರು ಅಂದ್ಕೋತಾರೆ."

"ವೆರಿ ಸೀರಿಯಸ್?"

"ಸುಟ್ಟೂ ಆಯ್ತು ಅಂತ ಅರ್ಥ."

"ನಾಟ್ ಡೆಡ್ ಅಂತಲೇ ಬರೆದುಬಿಟ್ರೆ?"

ಅವರು ಬಹಳ ಹೊತ್ತು ಯೋಚಿಸಿದರು. "ತಂತೀಲಿ ಒಂದು ಪದ ಬಿದ್ದುಹೋಗೋದು ಉಂಟು. ಆ ನಾಟ್ ಬಿದ್ದುಹೋದ್ರೆ ಏನು ಉಳಿಯುತ್ತೆ, ನೀವೇ ನೋಡಿ."

ಕೊನೆಗೆ ನನಗೇ ಹೊಳೆಯಿತು. ಮದರ್ ಅಲೈವ್ ಸ್ಟಾರ್ಟ್ ಇಮ್ಮೀಡಿಯಟ್ಲಿ. ಅಮ್ಮ ಬದುಕಿದ್ದಾಳೆ, ಕೂಡಲೇ ಹೊರಡು. ಪೋಸ್ಟ್‌ಮಾಸ್ಟರು ಎರಡು ಸಲ ಓದಿ, ಇದರಲ್ಲಿ ಯಾರೂ ತಪ್ಪು ಹುಡುಕಲಾರರು ಎಂದರು. ಫಾರಂ ತುಂಬಿದವನು ನಾನಾದ್ದರಿಂದ ಕೆಳಗೆ ನನ್ನ ಹೆಸರನ್ನೇ ಬರೆದೆ.

ನಾಲ್ಕನೆಯ ದಿನ ಬೆಳಿಗ್ಗೆ ಅಪ್ಪ ಜಗಲಿಯಲ್ಲಿ ಕ್ಷೌರಕ್ಕೆ ಕೂತಿದ್ದರು. ಬಲಗೆನ್ನೆ ಮುಗಿದಿತ್ತು. ಎಡಗೆನ್ನೆಯ ಮೇಲೆ ಸೋಪಿನ ನೊರೆ ಇತ್ತು. ಬೀದಿಯ ತುದಿಯಲ್ಲಿ ಚಿಕ್ಕಪ್ಪ ಕಾಣಿಸಿದ. ಒಂದು ಕೈಯಲ್ಲಿ ಟ್ರಂಕು. ಅಂಗಿ, ಪಂಚೆ, ತಲೆ ಎಲ್ಲ ನೀರು ಸುರಿಯುತ್ತಿತ್ತು. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಜಗಲಿಯ ಮೇಲೆ ಕ್ಷೌರಿಕನ ಬೆನ್ನು ಕಂಡ ಕೂಡಲೇ ಅವನು ಟ್ರಂಕನ್ನು ನೆಲಕ್ಕಿಟ್ಟು, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅಳತೊಡಗಿದ. ಕ್ಷೌರಿಕ ಪಕ್ಕಕ್ಕೆ ಸರಿದ. ನೊರೆಯ ಮುಖದ ಅಪ್ಪ ಕಂಡರು. ಚಿಕ್ಕಪ್ಪನ ಅಳು ನಿಂತಿತು. ಬಾಯಿಯ ಮೇಲಿನ ಕೈ ಮಾತ್ರ ಇಳಿಯಲಿಲ್ಲ.

"ಯಾಕ್ಲಾ ಇಂಗೆ ನೆಂದಿದ್ದೀಯ?" ಎಂದರು ಅಪ್ಪ.

"ಒಳೇಲಿ ಮಿಂದ್ಬುಟ್ಟು ಬಂದೆ. ನೀನು... ಓಗ್ಬುಟ್ಟೆ ಅಂತ."

"ಎಲ್ಲಿಗೆ?"

ಚಿಕ್ಕಪ್ಪ ಜೇಬಿನಿಂದ ನೆಂದ ತಂತಿ ತೆಗೆದು ನನ್ನ ಮುಂದೆ ಹಿಡಿದ. "ಅವ್ವ ಬದುಕವ್ಳೆ ಅಂತ ಬರ್ದಿದ್ದೀಯಲ್ಲೋ. ಅವ್ವ ಮಾತ್ರ ಬದುಕವ್ಳೆ ಅಂದ್ರೆ ಮಿಕ್ಕೋರು? ಅಪ್ಪ ಓದಾಗ ಬಂದ ತಂತೀಲಿ ಕೆಳಗೆ ಅಣ್ಣನ ಎಸ್ರು ಇತ್ತು. ಈ ಸಲ ನಿಂದು. ರೈಲ್ವೆ ಕಾಲೋನಿಯೋರೆಲ್ಲ ಓದಿ, ಮನೆ ಕುಸಿದಿರ್ಬೇಕು, ಮುದುಕಿ ಮೊಮ್ಮಗ ಉಳ್ಕೊಂಡವ್ರೆ ಅಂದ್ರು. ಅವತ್ತೇ ರೈಲು ಅತ್ತಿಸಿದ್ರು."

ನಾನು ತಂತಿಯನ್ನು ಬಿಸಿಲಿಗೆ ಹಿಡಿದು ಮತ್ತೊಮ್ಮೆ ಓದಿದೆ.

"ಪೂನಾದಿಂದ ಅರಸೀಕೆರೆಗಂಟ ಅಳ್ತಾನೇ ಬಂದಿದ್ದೀನಿ ಕಣಣ್ಣ," ಎಂದ ಚಿಕ್ಕಪ್ಪ. ಹೇಳುವ ಧ್ವನಿಯಲ್ಲಿ ಸಿಟ್ಟಿತ್ತು.

ಅಪ್ಪ ನೊರೆಯ ಕೆನ್ನೆಯನ್ನು ಅವನ ಕಡೆ ತಿರುಗಿಸಿದರು. "ನಂಗಾ?"

"ಇನ್ಯಾರ್ಗೆ?"

ಕ್ಷೌರಿಕ ನಿಧಾನವಾಗಿ, "ಗೌಡ್ರೇ, ಇನ್ನೊಂದು ಕೆನ್ನೆ ಒಣಗ್ತಾ ಅದೆ," ಎಂದ.

ಅಷ್ಟರಲ್ಲಿ ಒಳಗಿನಿಂದ ಅಜ್ಜಿಯ ಧ್ವನಿ ಬಂತು. "ಯಾರ್ಲಾ ಅದು?" ಓಡಲು ಹೊರಟ ಚಿಕ್ಕಪ್ಪನನ್ನು ಅಪ್ಪ ತೋಳು ಹಿಡಿದು ನಿಲ್ಲಿಸಿದರು. "ಒದ್ದೆ ಮೈಯಲ್ಲಿ ಮುದುಕೀನ ತಬ್ಕೊಂಡ್ರೆ ಇವತ್ತೇ ಓಯ್ತಾಳೆ. ಹಂಡೇಲಿ ನೀರು ಕಾದದೆ. ಮೊದ್ಲು ಉಯ್ಕೊಂಡು ಬಾ." ಚಿಕ್ಕಪ್ಪ ಅವರ ಮುಖ ನೋಡಿದ. ಆಮೇಲೆ ಬಚ್ಚಲಿಗೆ ಹೋದ.

ಮಿಂದು, ಅಪ್ಪನ ಪಂಚೆ ಉಟ್ಟು ಬಂದವನ ತಲೆಯನ್ನು ಅಜ್ಜಿ ಸವರಿದಳು. ಕೂದಲಲ್ಲಿ ಇನ್ನೂ ನೀರಿತ್ತು. "ಮಿಂದ್ಕೊಂಡು ಬಂದಿದ್ದೀಯಲ್ಲ, ಯಾರ್ಲಾ ಸತ್ತೋರು?" ಎಂದಳು.

"ಯಾರೂ ಇಲ್ಲ ಕಣವ್ವ."

ಆ ಹೊತ್ತು ಅವನ ಕೈಯಿಂದ ಅರ್ಧ ಲೋಟ ಗಂಜಿ ಕುಡಿದಳು. ಇನ್ನೂ ಒಂಬತ್ತು ದಿನ ಇದ್ದಳು. ಒಂಬತ್ತು ದಿನವೂ ಅಣ್ಣತಮ್ಮಂದಿರು ಒಬ್ಬರಾದ ಮೇಲೆ ಒಬ್ಬರು ಅದೇ ಹಂಡೆಯ ನೀರು ಮಿಂದರು.

ಅಜ್ಜಿ ಹೋದ ಮೇಲೆ ಮುಂಬಯಿಯಲ್ಲಿದ್ದ ಚಿಕ್ಕಮ್ಮನಿಗೆ ತಿಳಿಸಬೇಕಾಗಿತ್ತು. ಚಿಕ್ಕಪ್ಪನೂ ನಾನೂ ಅಂಚೆ ಕಚೇರಿಗೆ ಹೋದೆವು. ಪೋಸ್ಟ್‌ಮಾಸ್ಟರು ನನ್ನ ಮುಖ ನೋಡಿದರು. ನಾನು ಡಿಕ್ಷನರಿ ತಂದಿರಲಿಲ್ಲ. ಫಾರಂ ಮುಂದಿಟ್ಟುಕೊಂಡು, ಮದರ್ ಎಂದು ಬರೆದು, ಪೆನ್ನು ಎತ್ತಿ ಹಿಡಿದು ಕೂತೆ.

"ಸೀರಿಯಸ್ ಅಂತ್ಲೇ ಬರೀ," ಎಂದ ಚಿಕ್ಕಪ್ಪ. "ಕೆಳಗೆ ಅಣ್ಣನ ಎಸ್ರು ಆಕು. ಇಲ್ದಿದ್ರೆ ಅವ್ಳೂ ಒಳೇಲಿ ಮಿಂದ್ಬುಟ್ಟು ಬತ್ತಾಳೆ."